ಏಕವಚನಕ್ಕೆ ಹತ್ತು ಲೆಕ್ಕ

ಬೇಸಿಗೆ ರಜೆಯ ಮೊದಲ ದಿನವೇ, ಲೋಟದಲ್ಲಿನ ಚಹಾ ಆರುವುದಕ್ಕೂ ಬಿಡದೆ, ಅತ್ತೆ ಕಾಲು ಕೆರೆದು ಜಗಳಕ್ಕೆ ನಿಂತಳು.

"ಇವತ್ತಿಂದ ನನ್ನನ್ನ ನೀನು ಅನ್ನೋ ಹಾಗಿಲ್ಲ. ನೀವು ಅನ್ಬೇಕು. ಅತ್ತೆ ಅಂತಲೂ ಬೇಡ, ಮಿಸ್ ಅನ್ನು."

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಚೋಟು ಕತ್ತು ಕೂಡ ಎತ್ತಲಿಲ್ಲ. ತಮಾಷೆ ಅಂದುಕೊಂಡಿದ್ದಳು. "ಹೋಗೇ, ಸಾಕು," ಅಂದಳು.

"ಹತ್ತು ಲೆಕ್ಕ."

"ಏನು ಹತ್ತು ಲೆಕ್ಕ?"

"ಒಂದು ಏಕವಚನಕ್ಕೆ ಹತ್ತು ಲೆಕ್ಕ. ಹತ್ತನೇ ಕ್ಲಾಸಿನ ಪುಸ್ತಕದ ಮೊದಲನೇ ಪಾಠದಿಂದ ಶುರು ಮಾಡು. ಊಟಕ್ಕೆ ಮುಂಚೆ ನನ್ನ ಮುಂದಿರ್ಬೇಕು."

ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಎಂಟನೇ ಮಹಡಿಯಲ್ಲಿ ಸಿಕ್ಕಿಬಿದ್ದವರನ್ನು ಹೊರಗೆಳೆಯಲು ಹೆದರುವವನಲ್ಲ; ತಂಗಿಗೂ ಮಗಳಿಗೂ ನಡುವೆ ತಲೆ ಹಾಕಲು ಮಾತ್ರ ಅವನಿಗೆ ಧೈರ್ಯ ಸಾಲದು. "ನಾನೂ ಮಿಸ್ ಅನ್ಬೇಕೇನೇ?" ಎಂದು ಪೇಪರಿನ ಹಿಂದಿನಿಂದಲೇ ಕೇಳಿದ. ಯಾರೂ ನಗಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ಟಿಫನ್ ಡಬ್ಬಿ. ಅತ್ತೆ ಚೋಟುವಿನ ಶಾಲೆಗೇ ಗಣಿತದ ಟೀಚರಾಗಿ ಸೇರಿ ಆರು ತಿಂಗಳಾಗಿತ್ತು, ಅದೂ ತಾತ್ಕಾಲಿಕವಾಗಿ. ಒಂದು ದಿನ ಅವಳು ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ಅದನ್ನು ಹಿಡಿದು ಬಂದ ಚೋಟು, ಕಾರಿಡಾರಿನ ಆ ತುದಿಯಲ್ಲಿ ಹೆಡ್‌ಮಿಸ್ ಜೊತೆ ಹೋಗುತ್ತಿದ್ದ ಅತ್ತೆಯನ್ನು ಕಂಡು ಈ ತುದಿಯಿಂದಲೇ ಕೂಗಿದ್ದಳು: "ಅತ್ತೇ! ಡಬ್ಬಿ ಬಿಟ್ಟು ಬಂದಿದ್ದೀಯಲ್ಲೇ!" ನಾಲ್ಕು ಕ್ಲಾಸಿನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಂದು ವಾರ ಅತ್ತೆ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ "ಬಂದಿದ್ದೀಯಲ್ಲೇ" ಎಂದು ಸಣ್ಣಗೆ ಕೇಳಿಸುತ್ತಿತ್ತು. ಹೆಡ್‌ಮಿಸ್ ಅತ್ತೆಯನ್ನು ಕರೆಸಿದರು. ನಿಮ್ಮನ್ನು ಕಾಯಂ ಮಾಡುವುದೋ ಬೇಡವೋ ಎನ್ನುವುದು ಮುಂದಿನ ವರ್ಷ ನಿಮ್ಮ ಕ್ಲಾಸಿನ ಶಿಸ್ತು ನೋಡಿ ತೀರ್ಮಾನ ಎಂದರು. ಆ ಕ್ಲಾಸು ಹತ್ತನೇ ತರಗತಿ, ಎ ವಿಭಾಗ. ಚೋಟು ಹೋಗಬೇಕಾದದ್ದೂ ಅದಕ್ಕೇ.

"ಮನೇಲಿ ಒಂದು, ಸ್ಕೂಲಲ್ಲಿ ಒಂದು ಅಂತ ಮಾಡ್ಕೊಂಡ್ರೆ ಆಗಲ್ವಾ?" ಅಂದಳು ಅಮ್ಮ.

"ಇವಳ ನಾಲಿಗೆ ನಂಗೊತ್ತಿಲ್ವಾ ಅತ್ತಿಗೆ? ಎರಡು ಬಾಗಿಲಿಟ್ರೆ ತಪ್ಪು ಬಾಗಿಲಿಂದಲೇ ಹೊರಗೆ ಬರತ್ತೆ."

ಅತ್ತೆಯ ಕೆಲಸ ಹೋಗಲಿ ಎಂದು ಚೋಟುವಿಗೇನೂ ಇರಲಿಲ್ಲ. ಆದರೆ ಆ "ನೀನು" ಅವಳ ಸ್ವಂತದ್ದು. ಅಮ್ಮ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಪಾಳಿಯ ಮೇಲೆ ದುಡಿಯುವವಳು. ಚೋಟುದ್ದದ ಮಗುವಿಗೆ ಆ ಅಡ್ಡಹೆಸರಿಟ್ಟು, ತುತ್ತು ಮಾಡಿ ತಿನ್ನಿಸಿ, ಪಕ್ಕದಲ್ಲಿ ಮಲಗಿಸಿಕೊಂಡು ಬೆಳೆಸಿದವಳು ಅತ್ತೆ. ಇಬ್ಬರದೂ ಈಗಲೂ ಒಂದೇ ಕೋಣೆ. ಚೋಟು ಅತ್ತೆಗಿಂತ ನಾಲ್ಕು ಬೆರಳು ಎತ್ತರ ಬೆಳೆದಿದ್ದಾಳೆ, ಅಷ್ಟೇ. ಅಮ್ಮನನ್ನೂ ಅವಳು ನೀನು ಅನ್ನುತ್ತಿದ್ದಳು ನಿಜ, ಆದರೆ "ಹೋಗೇ" ಅನ್ನುವ ಹಕ್ಕು ಇದ್ದದ್ದು ಅತ್ತೆಯ ಮೇಲೆ ಮಾತ್ರ. ಅದನ್ನು ಕಿತ್ತುಕೊಂಡರೆ ಉಳಿಯುವುದು ಶಾಲೆಯ ಇನ್ನೊಬ್ಬಳು ಮಿಸ್. ಅಂಥವರು ಹದಿನಾಲ್ಕು ಜನ ಆಗಲೇ ಇದ್ದರು, ಹದಿನೈದನೆಯವಳು ಯಾರಿಗೆ ಬೇಕು?

ಮೊದಲ ವಾರ ಇನ್ನೂರ ಎಂಬತ್ತು ಲೆಕ್ಕ ಆಯಿತು. ಗೆಳತಿಯರು ಈಜುಕೊಳದಿಂದ ಒದ್ದೆ ಕೂದಲಲ್ಲಿ ಕೇಕೆ ಹಾಕುತ್ತ ಬೀದಿಯಲ್ಲಿ ಹಾದುಹೋಗುವಾಗ ಚೋಟು ಕಿಟಕಿಯ ಪಕ್ಕ ಕೂತು ವರ್ಗಸಮೀಕರಣ ಬಿಡಿಸುತ್ತಿದ್ದಳು. ಬೆವರಿಗೆ ಪುಸ್ತಕದ ಹಾಳೆ ಮೊಣಕೈಗೆ ಅಂಟಿಕೊಂಡು ಬರುತ್ತಿತ್ತು. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಗೊಣಗುತ್ತಿತ್ತು. ಅತ್ತೆ ಎದುರಿನ ಮಂಚದ ಮೇಲೆ ಕಾಲು ಚಾಚಿ ಕೂತು, ಕೆಂಪು ಪೆನ್ನು ಹಿಡಿದು, ಒಂದು ಹಂತ ಹಾರಿಸಿದರೂ ಅಡ್ಡಗೆರೆ ಎಳೆಯುತ್ತಿದ್ದಳು. ಮನೆಯಲ್ಲೂ ಕೆಂಪು ಪೆನ್ನು! ಆ ಪೆನ್ನನ್ನು ಮುರಿದು ಒಲೆಗೆ ಹಾಕಬೇಕು ಅನ್ನಿಸುತ್ತಿತ್ತು ಚೋಟುವಿಗೆ.

ಎರಡನೆಯ ವಾರ ಅವಳು ಬೇರೆ ದಾರಿ ಹಿಡಿದಳು. "ತಾವು ಸ್ನಾನಕ್ಕೆ ದಯಮಾಡಿಸಬೇಕು. ತಮ್ಮ ಪಾದಗಳಿಗೆ ಚಪ್ಪಲಿ ತರಲೇ?" ಎಂದು ಸೊಂಟ ಬಗ್ಗಿಸಿದಳು.

"ವ್ಯಂಗ್ಯಕ್ಕೆ ಇಪ್ಪತ್ತು," ಅಂದಳು ಅತ್ತೆ, ಟವೆಲು ಹೆಗಲಿಗೆ ಹಾಕಿಕೊಳ್ಳುತ್ತ.

ಮೂರನೆಯ ವಾರ ಚೋಟುವಿಗೆ ಪಾರಾಗುವ ಉಪಾಯ ಹೊಳೆಯಿತು. ನಮ್ಮ ಭಾಷೆಯ ಕಿತಾಪತಿ ಗೊತ್ತಲ್ಲ: ನೀನು, ನೀವು ಎರಡನ್ನೂ ನುಂಗಿಕೊಂಡರೂ ಕ್ರಿಯಾಪದ ಕೊನೆಯಲ್ಲಿ ಬಾಲ ಅಲ್ಲಾಡಿಸಿ ಗುಟ್ಟು ಬಿಟ್ಟುಕೊಡುತ್ತದೆ. ಬಾ ಅಂದರೂ ಸಿಕ್ಕಿಬಿದ್ದಂತೆ, ಬನ್ನಿ ಅಂದರೂ ಸಿಕ್ಕಿಬಿದ್ದಂತೆ. ಹಾಗಾಗಿ ಚೋಟು ಮನುಷ್ಯರನ್ನೇ ಮಾತಿನಿಂದ ಕಿತ್ತುಹಾಕಿದಳು. "ಊಟ ರೆಡಿ ಇದೆ." "ಫೋನ್ ಬಂದಿದೆ." "ಸ್ನಾನ ಆಗೋದಿದ್ರೆ ನೀರು ಕಾದಿದೆ." "ಕಿಟಕಿ ಮುಚ್ಚಿದ್ರೆ ಒಳ್ಳೇದು." ಇದರಲ್ಲಿ ಏಕವಚನ ಎಲ್ಲಿದೆ, ತೋರಿಸಲಿ ನೋಡೋಣ!

"ಇದೇನೇ, ಸ್ಟೇಷನ್ನಲ್ಲಿ ರೈಲು ಬಂತು ಅಂತ ಕೂಗಿದ ಹಾಗೆ ಮಾತಾಡ್ತೀಯ," ಅಂದಳು ಅಮ್ಮ.

ಕೆಂಪು ಪೆನ್ನಿಗೆ ಕೆಲಸವಿಲ್ಲದಂತಾಯಿತು. ನಾಲ್ಕು ದಿನ ಒಂದೇ ಕೋಣೆಯಲ್ಲಿ ಇಬ್ಬರೂ ಹೀಗೆ ಕಳೆದರು. ಒಬ್ಬಳು ಗೋಡೆಗೆ ಮಾತಾಡುವುದು, ಇನ್ನೊಬ್ಬಳು ಗೋಡೆಯ ಪರವಾಗಿ ಉತ್ತರ ಕೊಡುವುದು. ಐದನೆಯ ದಿನ ಚೋಟು ಬಿ ವಿಭಾಗಕ್ಕೆ ಬದಲಾಯಿಸಿಕೊಡಿ ಎಂದು ಅರ್ಜಿ ಬರೆದು ಅಪ್ಪನ ಸಹಿಗೆಂದು ಮೇಜಿನ ಮೇಲಿಟ್ಟಳು. ಅಪ್ಪನಿಗಿಂತ ಮೊದಲು ಅತ್ತೆಯೇ ಓದಿದಳು.

"ಬಿ ಸೆಕ್ಷನ್ನಿಗೂ ಗಣಿತ ನಾನೇ," ಅಂದಳು. "ಕಾಗುಣಿತ ತಪ್ಪಿದೆ ನೋಡು, ವಿಭಾಗಕ್ಕೆ ಮಹಾಪ್ರಾಣ."

ಚೋಟು ಅರ್ಜಿಯನ್ನು ಅವಳ ಮುಂದೆಯೇ ಹರಿದು, ಹರಿದ ಚೂರನ್ನು ಮತ್ತೆ ಹರಿದಳು. ಅಷ್ಟು ಸಿಟ್ಟು ಅವಳಿಗೆ ಜನ್ಮದಲ್ಲಿ ಬಂದಿರಲಿಲ್ಲ. ಇವಳು ಎಲ್ಲಾದರೂ ಬಿದ್ದು ಸೊಂಟ ಮುರಿದುಕೊಳ್ಳಬಾರದೇ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಸಿಟ್ಟಿನಲ್ಲಿ ಯಾರು ಏನೇನು ಅಂದುಕೊಳ್ಳುವುದಿಲ್ಲ, ಬಿಡಿ.

ಮಾರನೆಯ ದಿನ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ. ಅತ್ತೆ ಅಟ್ಟದ ಮೇಲಿದ್ದ ಹಳೆಯ ಪ್ರಶ್ನೆಪತ್ರಿಕೆಗಳ ಪೆಟ್ಟಿಗೆಯನ್ನು ಇಳಿಸಲು ಕಬ್ಬಿಣದ ಮಡಚುವ ಕುರ್ಚಿ ಹಾಕಿಕೊಂಡು ಹತ್ತಿದಳು. ಆ ಕುರ್ಚಿಯ ಬಲಗಡೆಯ ಕೊಕ್ಕೆ ಸಡಿಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕೂರುವ ಮೊದಲು ಎಲ್ಲರೂ ಅದನ್ನೊಮ್ಮೆ ಒತ್ತುತ್ತಾರೆ. ಅತ್ತೆ ಅವಸರದಲ್ಲಿ ಒತ್ತಿರಲಿಲ್ಲ. ಅವಳು ಕಾಲ್ಬೆರಳ ಮೇಲೆ ನಿಂತು ಪೆಟ್ಟಿಗೆಯನ್ನು ಎಳೆದಾಗಲೆಲ್ಲ ಕೊಕ್ಕೆ ಒಂದು ಕೂದಲೆಳೆಯಷ್ಟು ಹೊರಗೆ ಜಾರುತ್ತಿತ್ತು.

ಚೋಟು ಅದನ್ನು ನೋಡಿದಳು. ಬಾಯಿ ತೆರೆದಳು. ಇಳಿ ಅಂದರೆ ಹತ್ತು ಲೆಕ್ಕ. ಇಳೀರಿ ಅಂದರೆ ಸೋಲು. ಇನ್ನೊಂದು ಸಲ ಪೆಟ್ಟಿಗೆ ಕಿರುಗುಟ್ಟಿತು, ಇನ್ನೊಂದಿಷ್ಟು ಕೊಕ್ಕೆ ಜಾರಿತು.

"ಕುರ್ಚಿಯ ಕೊಕ್ಕೆ ಸ್ವಲ್ಪ..." ಎಂದು ಶುರು ಮಾಡಿದಳು.

ಕುರ್ಚಿ ಫಟ್ಟನೆ ಮಡಚಿಕೊಂಡಿತು. ಅತ್ತೆ ಬಲಗೈ ಊರಿ ಬಿದ್ದಳು, ಅವಳ ಹಿಂದೆಯೇ ಪೆಟ್ಟಿಗೆ ಬಿದ್ದು ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು ನೆಲದ ತುಂಬ ಹರಡಿದವು. ಸಮಯ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಷ್ಟು ಹೊತ್ತಿನಲ್ಲಿ ಎರಡು ಮಾತನ್ನೂ ಎರಡೆರಡು ಸಲ ಕೂಗಬಹುದಿತ್ತು, ಮತ್ತು ಅದು ಚೋಟುವಿಗೆ ಚೆನ್ನಾಗಿ ಗೊತ್ತಿತ್ತು.

ಎಕ್ಸ್‌ರೇ ತೆಗೆದದ್ದು ಅಮ್ಮನೇ. ಮಣಿಕಟ್ಟಿನಲ್ಲಿ ಎರಡು ಕಡೆ ಮುರಿದಿತ್ತು. ಪ್ಲಾಸ್ಟರ್ ಹಾಕಲು ಕರೆಯುವವರೆಗೆ ಅತ್ತೆ, ಚೋಟು ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂತರು. ನೋವಿಗೆ ಅತ್ತೆಯ ತುಟಿ ಬಿಳಿಚಿಕೊಂಡಿತ್ತು.

"ಕೊಕ್ಕೆ ನೀನು ನೋಡಿದ್ದೆ, ಅಲ್ವಾ?" ಎಂದು ಕೇಳಿದಳು.

"ಹೂಂ."

"ಕೂಗೋಕೆ ಏನಾಗಿತ್ತು ನಿನಗೆ?"

"ಯಾವ ವಚನದಲ್ಲಿ ಕೂಗ್ಬೇಕಿತ್ತು?"

ಅತ್ತೆ ಹೊಡೆಯುತ್ತಾಳೆ ಅಂದುಕೊಂಡಳು ಚೋಟು. ಹೊಡೆದಿದ್ದರೆ ಒಳ್ಳೆಯದಿತ್ತು. ಅತ್ತೆ ಎದ್ದು ಹೋಗಿ ಬೆಂಚಿನ ಆ ತುದಿಯಲ್ಲಿ ಕೂತಳು.

ಅವತ್ತಿನಿಂದ ಚೋಟು ಸೋಲೊಪ್ಪಿಕೊಂಡಳು. ತಪ್ಪಿನ ಭಾರ ಅರ್ಧ, ಒಳಗಿನ ಸಿಟ್ಟು ಅರ್ಧ. ಕೇಳಿದ್ದು ಇದೇ ತಾನೆ, ತಗೊಳ್ಳಲಿ ಎಂದು ನೀವು ಅಂದಳು, ಮಿಸ್ ಅಂದಳು. ಬೆಳಿಗ್ಗೆ ಎದ್ದರೆ "ಹಲ್ಲುಜ್ಜಿ, ಪೇಸ್ಟ್ ಹಾಕಿಟ್ಟಿದೀನಿ." ಊಟಕ್ಕೆ ಕೂತರೆ "ಇನ್ನೊಂಚೂರು ಹಾಕಿಸ್ಕೊಳಿ." ರವಿಕೆಯ ಗುಂಡಿ ಹಾಕುವುದು, ತಟ್ಟೆಯಲ್ಲಿ ಅನ್ನ ಕಲಸಿಕೊಡುವುದು, ಪ್ಲಾಸ್ಟರಿನ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಸ್ನಾನ ಮಾಡಿಸುವುದು, ಎಲ್ಲವನ್ನೂ ಅವಳೇ ಮಾಡಿದಳು, ಒಂದೂ ತಪ್ಪದೆ, ಬಾಡಿಗೆಗೆ ಬಂದ ನರ್ಸಿನ ಹಾಗೆ. ಉಳಿದ ಹೊತ್ತಿನಲ್ಲಿ ಯಾರೂ ಹೇಳದಿದ್ದರೂ ಲೆಕ್ಕ ಮಾಡಿದಳು. ಹೊಸ ಪುಸ್ತಕದ ಅರ್ಧ ಮುಗಿಯಿತು. ಅತ್ತೆ ಎಡಗೈಯಲ್ಲಿ ಹಲಗೆಯ ಮೇಲೆ ಅಂಕಿ ಬರೆದು ರೂಢಿ ಮಾಡಿಕೊಳ್ಳುತ್ತಿದ್ದಳು. ಎಂಟು ಬರೆಯಲು ಹೋದರೆ ಮೊಟ್ಟೆಯಾಗುತ್ತಿತ್ತು. ಮೊದಲಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಶಾಲೆ ಶುರುವಾಗುವ ಹಿಂದಿನ ದಿನ ಬೆಳಿಗ್ಗೆ ಚೋಟು ಅತ್ತೆಯ ತಲೆ ಬಾಚುತ್ತಿದ್ದಳು. ಸಿಕ್ಕು ಬಿಡಿಸುವಾಗ ಬೇಕೆಂದೇ ಸ್ವಲ್ಪ ಜೋರಾಗಿ ಎಳೆದಳು. ಅತ್ತೆ ಅಮ್ಮಾ ಎನ್ನಲಿಲ್ಲ.

"ಸಾಕು ಕಣೇ," ಅಂದಳು. "ಸ್ಕೂಲಲ್ಲಿ ನಿನ್ನ ನಾಲಿಗೆ ತಪ್ಪಲ್ಲ, ನನಗೆ ನಂಬಿಕೆ ಬಂತು. ಮನೇಲಿ ಮೊದಲಿನ ಹಾಗೇ ಇರು."

ಚೋಟು ಬಾಚಣಿಗೆ ಓಡಿಸುತ್ತಲೇ ಇದ್ದಳು.

"ಕೇಳಿಸ್ತಾ? ನಂಗೆ ಈ ಮನೇಲಿ ಇರೋಕೆ ಆಗ್ತಿಲ್ಲ. ಬೈಯಿ ಬೇಕಾದ್ರೆ. ಒಂದ್ಸಲ ನೀನು ಅನ್ನು."

ಇಡೀ ಬೇಸಿಗೆ ಚೋಟು ಕಾದದ್ದು ಇದಕ್ಕೇ. ಅನ್ನಬೇಕು, ಈಗಲೇ ಅನ್ನಬೇಕು ಎಂದು ನಿಜವಾಗಿಯೂ ಬಯಸಿದಳು. ಕತ್ತಿನ ಹಿಂದಿನ ಸಿಕ್ಕು ಬಾಚಣಿಗೆಗೆ ಸಿಗುತ್ತಿರಲಿಲ್ಲ, ತಲೆ ಬಗ್ಗಿಸು ಅಂದರೆ ಆಯಿತು, ಅಷ್ಟೇ ಕೆಲಸ. ಬಾಯಿ ತೆರೆದಳು. ಆ ಮಾತು ಬಸ್ಸಿನಲ್ಲಿ ಪಕ್ಕ ಕೂತ ಯಾರೋ ಹೆಂಗಸನ್ನು ಗದರಿಸಿದ ಹಾಗೆ ಒರಟಾಗಿ ಕಂಡು ನಾಲಿಗೆಯ ಮೇಲೆಯೇ ನಿಂತಿತು.

"ತಲೆ ಸ್ವಲ್ಪ ಬಗ್ಗಿಸಿ," ಅಂದಳು.

"ಹಟ ಬಿಡೇ, ನಿನ್ನ ದಮ್ಮಯ್ಯ."

"ಹಟ ಅಲ್ಲ. ಬರ್ತಾ ಇಲ್ಲ."

ಅತ್ತೆ ತಿರುಗಿ ಅವಳ ಮುಖ ನೋಡಿದಳು. ಸುಳ್ಳು ಹೇಳುತ್ತಿದ್ದಾಳೇನೋ ಎಂದು ತುಂಬ ಹೊತ್ತು ಹುಡುಕಿದಳು. ಚೋಟುವಿನ ಕಣ್ಣಲ್ಲಿ ನೀರು ಬಂದಿತ್ತು, ಬಾಚಣಿಗೆ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು.

ಮಿಸ್ ಮತ್ತೆ ಗೋಡೆಯ ಕಡೆ ತಿರುಗಿ ಕೂತು, ತಲೆ ಬಗ್ಗಿಸಿದರು.