ಸತ್ತ ಭಾಷೆಯ ಉಪನ್ಯಾಸ

"ನಿನ್ನ ಕೊರವರ ಭಾಷೆ ನಿನ್ನ ಕೇರಿಯಲ್ಲಿಟ್ಕೋ. ಮಗೂಗೆ ಅಂಟಿಸಿದ್ರೆ ನಾಲಿಗೆ ಸೀಳ್ತೀನಿ!"

ಜೋಗುಳ ಹಾಡುತ್ತಿದ್ದ ನಾಗವ್ವನ ಕೈಯಿಂದ ಮನೆಯೊಡತಿ ವೈದೇಹಿ ತನ್ನ ಮೊಮ್ಮಗಳನ್ನು ಕಿತ್ತುಕೊಂಡಳು. ನಾಗವ್ವ ಬಜ್ಜಿಗೆ ಈರುಳ್ಳಿ ಹೆಚ್ಚಲು ಕೂತಳು. ವಿಜಯಪುರದ ಕಡೆಯಿಂದ ಪರದೇಶದ ಕ್ವೀನ್ಸ್‌ಬರಿಯ ಈ ಮನೆಗೆ ಕೆಲಸಕ್ಕೆ ಬಂದು ಮೂರು ವರ್ಷ. ಅವಳ ಪಾಸ್‌ಪೋರ್ಟ್ ಯಜಮಾನ ಉದಯಶಂಕರರ ಕಪಾಟಿನಲ್ಲಿತ್ತು.

ಊರಲ್ಲಿ ಬುಟ್ಟಿ ಹೆಣೆಯುತ್ತಿದ್ದ ಅವ್ವ ಹಾಸಿಗೆ ಹಿಡಿದಿದ್ದಳು. ಮನೆಮಾತು ಆಡಿದ್ದಕ್ಕೆ ಶಾಲೆಯಲ್ಲಿ ಏಟು ತಿಂದು ತಿಂದು ಕೇರಿಯ ಮಕ್ಕಳೆಲ್ಲ ಕನ್ನಡಕ್ಕೆ ಹೊರಳಿದ್ದರು. ಆ ಕೇರಿಯ ಹಳೆಯ ಮಾತು ಉಳಿದದ್ದು ತಾಯಿ ಮಗಳ ಬಾಯಲ್ಲಿ ಮಾತ್ರ. ತಮ್ಮ ಪರಪ್ಪನಿಗೂ ಬರುತ್ತಿರಲಿಲ್ಲ.

ಮಧ್ಯಾಹ್ನ ಸತ್ತ ಭಾಷೆಯೊಂದರ ಬಗ್ಗೆ ಯಜಮಾನರ ಉಪನ್ಯಾಸ ಕೇಳಲು ಹತ್ತು ಹನ್ನೆರಡು ಜನ ಕನ್ನಡಿಗರು ಕೂಡಿದರು. ಉದಯಶಂಕರ್ ಗೋಡೆಯ ಮೇಲೆ ಕಂಚಿನ ಹಲಗೆಯ ಚಿತ್ರ ಮೂಡಿಸಿದರು. "ಸ್ಪೇನ್‌ನ ಕೆಲ್ಟಿಬೇರಿಯನ್ನರದು ಇದು. ರೋಮನ್ನರು ನುಮಾಂಟಿಯಾ ಅನ್ನೋ ಅವರ ಊರಿಗೆ ಮುತ್ತಿಗೆ ಹಾಕಿ ಹಸಿವಿನಿಂದಲೇ ಕೊಂದ್ರು. ಆಮೇಲೆ ಭಾಷೇನೂ ಹೋಯ್ತು. ಈ ಅಕ್ಷರ ಓದಬಹುದು, ಪೂರ್ತಿ ಅರ್ಥ ಆಗಲ್ಲ." ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಡುಗೆಮನೆಯಲ್ಲಿ ನಾಗವ್ವನ ಫೋನ್ ಬಡಿದುಕೊಂಡಿತು. ಪರಪ್ಪ.

"ಅಕ್ಕಾ, ಅವ್ವ ಕನ್ನಡಾನ ಮರ್ತಾಳ. ಏನೋ ಕೇಳಾಕತ್ತಾಳ. ನೀರು ಕೊಟ್ರ ನೂಕ್ತಾಳ, ಕಂಬಳಿ ಹೊಚ್ಚಿದ್ರ ಒಗೀತಾಳ. ಯಾರಿಗೂ ತಿಳೀವಲ್ದು."

ಹಿಂದೆಯೇ ಕೇರಿಯ ಹಳೆಯ ಮಾತಿನಲ್ಲಿ ಅವ್ವನ ಒಣಗಿದ ದನಿ: ನನ್ನನ್ನು ಹೊರಗೆ ಒಯ್ಯಿರಿ, ಬೇವಿನ ಗಿಡದ ಕೆಳಗೆ ಒಯ್ಯಿರಿ.

"ಪರಪ್ಪಾ, ಅವ್ವನ್ನ..."

ಫೋನ್ ವೈದೇಹಿಯ ಕೈಗೆ ಹೋಗಿತ್ತು. "ಒಳಗೆ ಜನ ಕೂತಿದ್ದಾರೆ, ಇಲ್ಲಿ ಇವಳ ಸಂತೆ!"

"ಅಮ್ಮಾರ, ಒಂದ ಮಾತ್ರೀ. ಕಾಲಿಗೆ ಬೀಳ್ತೀನ್ರಿ."

"ಮೊದ್ಲು ಚಹಾ ತಗೊಂಡು ಬಾ."

ನಾಗವ್ವ ಚಹಾ ಒಯ್ದಳು. ವೈದೇಹಿಯ ಪಕ್ಕದ ಟೀಪಾಯಿಯ ಮೇಲೆ ಫೋನ್ ಮತ್ತೆ ಬಡಿದುಕೊಳ್ಳುತ್ತಿತ್ತು. ನಾಗವ್ವ ಟ್ರೇಯನ್ನು ನೆಲಕ್ಕೆ ಕುಕ್ಕಿ ಅದನ್ನು ಎತ್ತಿಕೊಂಡಳು.

"ಹೋದ್ಳು ಅಕ್ಕಾ," ಪರಪ್ಪ ಅಳುತ್ತಿದ್ದ. "ಕಡೀತನಕ ಬಾಗಲಾ ನೋಡಿ ಏನೋ ಅಂತಿದ್ಳು. ಏನು ಬೇಕಿತ್ತ ಆಕಿಗೆ?"

"ಹೊರಗ ಒಯ್ಯಂದಿದ್ಳೋ, ಬೇವಿನ ಗಿಡದ ಕೆಳಗ." ಅವಳು ಸೋಫಾದ ಮೇಲೆ ಕುಸಿದಳು. "ಈಗರ ಒಯ್ಯಿ. ಫೋನ್ ಆಕಿ ಕಿವಿಗೆ ಹಿಡಿ."

"ಎದ್ದೇಳೇ!" ಎಂದಳು ವೈದೇಹಿ. ನಾಗವ್ವ ಏಳಲಿಲ್ಲ. ತಾಯಿಯ ಭಾಷೆಯಲ್ಲಿ ಮಾತಾಡತೊಡಗಿದಳು. ಬೈದಳು, ಬೇಡಿಕೊಂಡಳು, ನಡುನಡುವೆ ರಾಗ ಎಳೆದು ಅತ್ತಳು.

ಅನಿರುದ್ಧ ಎಂಬ ಅತಿಥಿ ಮೆಲ್ಲಗೆ ಮೊಬೈಲ್ ಎತ್ತಿ ಅವಳತ್ತ ಹಿಡಿದ. "ಅಬ್ಬಾ! ಇದು ಯಾವ ಭಾಷೆ ಸಾರ್?"

ಉದಯಶಂಕರ್ ವೈದೇಹಿಯತ್ತ ತಿರುಗಿದರು.

"ತಗಿಯಲೇ ಅದನ್ನ, ಭಾಡ್ಯಾ," ಎಂದಳು ನಾಗವ್ವ. "ನಮ್ಮವ್ವ ಇನ್ನಾ ಕೇಳಾಕತ್ತಾಳ."