ಬಲೆಮನೆಯ ಕೆಂಪು ಹುಳು

ಅಂತರಸಂತೆಯ ಹತ್ತಿರ, ಕಾಡಂಚಿನ ಜಮೀನೊಂದರಲ್ಲಿ ಮೇಲೆ ಪ್ಲಾಸ್ಟಿಕ್ ಹೊದಿಸಿ ಸುತ್ತ ಸಣ್ಣ ಕಣ್ಣಿನ ಬಲೆ ಬಿಗಿದ, ಕಬ್ಬಿಣದ ಬಾಗಿಲಿನ ಬಲೆಮನೆ ಇತ್ತು. ಅದರೊಳಗೆ ದೂರದ ದ್ವೀಪದಿಂದ ತಂದ ಕೆಂಪು ಎಲೆಹುಳುಗಳು. ಹಿಡಿದರೆ ಕಿರ್ರೆನ್ನುತ್ತಿದ್ದವು. ಅದೇ ದ್ವೀಪದ ಬಳ್ಳಿಯೊಂದು ಕೊಡಗಿನ ಕಡೆಯ ತೋಟಗಳಿಗೆ ನುಗ್ಗಿ ಮರಗಳನ್ನೇ ಮುಚ್ಚುತ್ತಿತ್ತು. ಹುಳು ಆ ಬಳ್ಳಿಯನ್ನಷ್ಟೇ ತಿನ್ನುವುದು ಖಚಿತವಾದರೆ ತೋಟಗಳಿಗೆ ಬಿಡಬೇಕೆಂದು ಸಂಶೋಧಕ ಶರತ್ ಕಾದಿದ್ದ. ಪಕ್ಕದ ಗಿರಿಜನ ಹಾಡಿಯ ಮುತ್ತಿಗೆ ಅಲ್ಲಿ ಕುಂಡಗಳನ್ನು ನೋಡಿಕೊಳ್ಳುವ ಕೆಲಸ.

ಅವತ್ತು ಶನಿವಾರ. ಮುತ್ತಿ ಹಿಂದಿನ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಸ ಕೀಳುತ್ತಿದ್ದಳು. ಯಾವುದೋ ಫೋನು ಬಂದು ಅವಸರಕ್ಕೆ ಬಿದ್ದ ಶರತ್, ಅವಳು ಆಗಲೇ ಊಟಕ್ಕೆ ಹೋಗಿದ್ದಾಳೆಂದು ತಿಳಿದು, ಹೊರಗಿನ ಬೀಗ ಹಾಕಿ ಬೈಕಿನಲ್ಲಿ ತಾಲ್ಲೂಕು ಕೇಂದ್ರವಾದ ಕೋಟೆಗೆ ಹೊರಟುಬಿಟ್ಟ. ಮುತ್ತಿ ಕೂಗಿದ್ದು ಬೈಕಿನ ಸದ್ದಿನಲ್ಲಿ ಕೇಳಲಿಲ್ಲ. ಅವಳ ಫೋನು ಹೊರಗೆ, ಮೊಳೆಗೆ ತೂಗುಹಾಕಿದ್ದ ಚೀಲದಲ್ಲಿತ್ತು.

ಬಿಸಿಲೇರಿತು. ಒಳಗಿನ ಗಾಳಿ ಬಿಸಿ ಹಬೆಯಂತಾಯಿತು. ಕ್ಯಾನಿನಲ್ಲಿದ್ದ ನೀರು ಮುಗಿಯಿತು. ಹುಳುಗಳೂ ದ್ವೀಪದ ಬಳ್ಳಿಯನ್ನು ಕಡ್ಡಿಯಾಗುವವರೆಗೆ ಮೇಯ್ದಿದ್ದವು; ಅವಳ ತೋಳು, ಕೊರಳ ಮೇಲೆಲ್ಲ ಹರಿದಾಡತೊಡಗಿದವು. ಎದೆ ಬಿಗಿದು ಉಸಿರೇ ಸಾಲದಂತಾದಾಗ ಅವಳು ಕತ್ತರಿ ತೆಗೆದು ಬಲೆಗೆ ಊರಿದಳು.

ಆಗಲೇ ಮೂಲೆಯ ಕುಂಡ ಕಣ್ಣಿಗೆ ಬಿತ್ತು. ಪರೀಕ್ಷೆಗೆಂದು ಅವಳೇ ತಂದುಕೊಟ್ಟಿದ್ದ ಕಾಡುಗೆಣಸು ಅದು, ಅವಳ ಅವ್ವ ಇವತ್ತಿಗೂ ಅಗೆದು ತರುವಂಥದ್ದು. ಹುಳು ಅದನ್ನು ಮೂಸಿಯೂ ನೋಡುವುದಿಲ್ಲ ಎಂದಿದ್ದ ಶರತ್. ಈಗ ಅದರ ಎಲೆಯೆಲ್ಲ ಜರಡಿಯಾಗಿ, ಹುಳುಗಳು ಗೊಂಚಲುಗೊಂಚಲಾಗಿ ಕೂತಿದ್ದವು. ಮುತ್ತಿ ಕತ್ತರಿ ಕೆಳಗಿಟ್ಟಳು.

ಮೂರು ಗಂಟೆಯಾದರೂ ಊಟಕ್ಕೆ ಬಾರದ ತಂಗಿಯನ್ನು ಹುಡುಕಿಕೊಂಡು ಚೆನ್ನ ಬಂದ. ಬೀಗವನ್ನು ಕಲ್ಲಲ್ಲಿ ಚಚ್ಚಿದ. ಅದು ಬಗ್ಗಲಿಲ್ಲ. ಸೊಂಟದ ಮಚ್ಚು ತೆಗೆದು ಬಲೆಗೆ ಬೀಸಲು ಹೋದ.

“ಹರೀಬ್ಯಾಡ ಕಣಣ್ಣ,” ಅಂದಳು ಮುತ್ತಿ. “ಇವು ನಮ್ ಗೆಣಸೂ ತಿಂತವೆ. ಆಚೆಗೆ ಬಂದ್ರೆ ಕಾಡೆಲ್ಲ ಓಯ್ತದೆ.”

“ನೀನು ಸತ್ತೋಯ್ತೀಯಲ್ಲವ್ವ.”

“ಸಾಯಕ್ಕಿಲ್ಲ. ನೀರು ಕೊಡು, ಆಮ್ಯಾಕೆ ಕೋಟೆಗೋಗಿ ಸಾರ್‌ನ ಕರ್ಕಂಬಾ.”

ಚೆನ್ನ ಸಣ್ಣ ಪೈಪೊಂದನ್ನು ಬಾಗಿಲ ಸಂದಿಯ ರಬ್ಬರು ಪಟ್ಟಿ ಒತ್ತಿ ತೂರಿಸಿ ನೀರು ಬಿಟ್ಟ. ಅವಳ ಫೋನಿಂದ ಕರೆದರೂ ಶರತ್ ಎತ್ತದಿದ್ದಾಗ, ಸಿಕ್ಕಿದ ಬೈಕು ಹತ್ತಿ ಕೋಟೆಗೆ ಹೋದ. ಅವನು ಶರತ್‌ನನ್ನು ಕರೆತರುವಾಗ ಹೊತ್ತು ಇಳಿದಿತ್ತು. ಮುತ್ತಿ ಮೈಮೇಲಿನ ಹುಳುಗಳನ್ನು ಒಳಗೇ ಕೊಡವಿ, ಹೊರಗೆ ಬಂದು ನೆಲದ ಮೇಲೆಯೇ ಕೂತುಬಿಟ್ಟಳು. ಶರತ್ ತಪ್ಪಾಯಿತೆಂದು ಮತ್ತೆ ಮತ್ತೆ ಹೇಳಿದ. ಆಮೇಲೆ ಕುಂಡ ನೋಡಿ, ಹಸಿದಿದ್ದಕ್ಕೆ ತಿಂದಿರಬೇಕು ಎಂದು ಗೊಣಗಿದ.

“ಆಚೆಗೂ ಅಸೀತವಲ್ಲ ಸಾರ್,” ಅಂದಳು ಮುತ್ತಿ.

ಮೂರು ವಾರ ಪರೀಕ್ಷೆ ಮತ್ತೆ ನಡೆಯಿತು. ಬೇರೆ ಎಲೆ ಇದ್ದಾಗಲೂ ಹುಳುಗಳು ಗೆಣಸಿಗೆ ಬಾಯಿ ಹಾಕಿದವು. ಶರತ್ ಇದ್ದದ್ದನ್ನು ಇದ್ದಂತೆ ಮೇಲಿನವರಿಗೆ ಬರೆದು ಕಳಿಸಿದ. ಹುಳುಗಳನ್ನೆಲ್ಲ ಫ್ರೀಜರಿನಲ್ಲಿಟ್ಟು ಕೊಂದರು, ಬಲೆಮನೆ ಬಿಚ್ಚಿದರು. ಮುತ್ತಿಯ ಕೆಲಸವೂ ಹೋಯಿತು. ಮರುದಿನ ಅವಳು ಶುಂಠಿ ಹೊಲದ ಕೂಲಿಗೆ ಹೋಗುವ ಜೀಪು ಹತ್ತಿದಳು. ಒಳಗೆ ಕಿಕ್ಕಿರಿದಿದ್ದ ಜನರನ್ನು ನೋಡಿ, ಹಿಂದಿನ ಕಂಬಿ ಹಿಡಿದು ಹೊರಗೇ ನಿಂತಳು.