ಹಾಡೇ ಇಲ್ಲದ ಕ್ಯಾಸೆಟ್ಟು

"ಹಾಡು ಯಾವಾಗ ಶುರುವಾಗ್ತದೆ?"

ಕ್ಯಾಸೆಟ್ಟು ಹಾಕಿಸಿಕೊಂಡವರೆಲ್ಲ ಕೇಳಿದ್ದು ಇದೊಂದೇ ಪ್ರಶ್ನೆ. ಇದರಲ್ಲಿ ಹಾಡುವವರೇ ಇಲ್ಲ, ಬರೀ ವಾದ್ಯ ಅಂತ ಜ್ಯೋತಿಲಕ್ಷ್ಮಿ ಹೇಳಿ ಹೇಳಿ ಸುಸ್ತಾಗಿದ್ದಳು. ಅಷ್ಟು ಹೇಳಿದ ಮೇಲೂ ಅವಳ ಚಿಕ್ಕಮಾವ ಎರಡೂ ಬದಿ ಮುಗಿಯುವ ತನಕ ಕಾದು ಕೂತು, "ಇನ್ನೊಂದು ಕ್ಯಾಸೆಟ್ಟಿನಾಗೆ ಐತೇನೋ ಬಿಡು" ಅಂದು ಎದ್ದು ಹೋಗಿದ್ದರು.

ಕ್ಯಾಸೆಟ್ಟು ಮಾಡಿದವರು ಇಬ್ಬರು. ಶಿಕಾರಿಪುರದ ಬಟ್ಟೆ ಅಂಗಡಿಯವರ ಸೊಸೆ ಜ್ಯೋತಿಲಕ್ಷ್ಮಿಗೆ ಗಂಡ ಆಸೆಪಟ್ಟು ತಂದುಕೊಟ್ಟ ಕೀಬೋರ್ಡ್ ಇತ್ತು. ಸೊರಬದಲ್ಲಿ ಅಪ್ಪನ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದ ನಯನಳ ಹತ್ತಿರ, ಕೆಟ್ಟ ರೇಡಿಯೋಗಳ ಸಾಮಾನು ಕಿತ್ತು ತಾನೇ ಜೋಡಿಸಿದ ತಾಳದ ಪೆಟ್ಟಿಗೆ ಇತ್ತು. ಕೀಬೋರ್ಡ್ ಕೆಟ್ಟು ಸೊರಬಕ್ಕೆ ಹೋದಾಗ ಆದ ಪರಿಚಯ, ತೊಂಬತ್ತೈದನೇ ಇಸವಿಯ ಹೊತ್ತಿಗೆ ಕ್ಯಾಸೆಟ್ಟಾಗಿ ಹೊರಬಂತು. ರೆಕಾರ್ಡಿಂಗ್ ನಡೆದದ್ದು ನಯನಳ ಸೋದರಮಾವನ ಫೋಟೋ ಸ್ಟುಡಿಯೋದಲ್ಲಿ, ಫಿಲ್ಮು ತೊಳೆಯುವ ಕತ್ತಲೆ ಕೋಣೆಯೊಳಗೆ. ದಪ್ಪ ಕರಿ ಪರದೆ ಇದ್ದದ್ದರಿಂದ ಹೊರಗಿನ ಗಲಾಟೆ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದವನೊಬ್ಬ ದಬದಬ ಬಾಗಿಲು ಬಡಿದದ್ದು ಎರಡನೇ ವಾದನದಲ್ಲಿ ಹಾಗೇ ಉಳಿದಿದೆ. ನಯನಳಿಗೆ ಅದು ತಾಳಕ್ಕೆ ಹೊಂದುತ್ತದೆ ಅನ್ನಿಸಿತಂತೆ.

ಮೂರನೆಯದು ಜ್ಯೋತಿಲಕ್ಷ್ಮಿಯ ಜೀವ. ಅವಳ ಮನೆ ಎದುರಿಗೆ ಅಕ್ಕಿ ಗಿರಣಿ. ದಿನವಿಡೀ ಓಡಿ ಸಂಜೆ ಗಿರಣಿ ನಿಂತ ಮೇಲೂ ಕಿವಿಯಲ್ಲಿ ಗುಂಯ್ ಅಂತ ಒಂದು ಸದ್ದು ಉಳಿಯುತ್ತದಲ್ಲ, ಅದನ್ನೇ ಅವಳು ಕೀಬೋರ್ಡಿನಲ್ಲಿ ಹಿಡಿದಿದ್ದಳು. ಮಧ್ಯೆ ಮಧ್ಯೆ ನಯನ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಟೇಪ್ ಮಾಡಿಕೊಂಡು ಬಂದಿದ್ದ ಸದ್ದುಗಳನ್ನು ಸೇರಿಸಿದಳು. ಗಿರಣಿ ಯಾರಿಗೂ ಗೊತ್ತಾಗಲಿಲ್ಲ. "ಟೇಪು ಕೆಟ್ಟೈತಾ?" ಅಂತ ಮಾತ್ರ ಕೇಳಿದರು.

ಅತ್ತೆ ಹಾಲಮ್ಮನವರಿಗಂತೂ ಈ ಕೀಬೋರ್ಡಿನ ದೆಸೆಯಿಂದ ಮಧ್ಯಾಹ್ನದ ನಿದ್ದೆ ಹಾಳಾಗಿ ವರ್ಷವಾಗಿತ್ತು. ಒಂದು ದಿನ ಎಲ್ಲರೆದುರು ಹೇಳಿಯೇಬಿಟ್ಟರು:

"ನೋಡು ಜ್ಯೋತಿ, ಬ್ಯಾಂಡ್‌ಸೆಟ್ ಹನುಮಂತಪ್ಪ ನಿನ್ ಕೀಬೋರ್ಡ್ ಕೊಳ್ಳಕ್ಕೆ ಸೋಮವಾರ ಬರ್ತಾನೆ. ಅಷ್ಟ್ರಾಗೆ ನೆಂಟರಲ್ಲದ, ಗುರ್ತಿಲ್ಲದ ಒಬ್ಬರು ತಾವಾಗೇ ಬಂದು 'ಈ ಕ್ಯಾಸೆಟ್ಟು ನಂಗೆ ಬೇಕು' ಅಂದ್ರೆ ಆ ಪೆಟ್ಗೆ ಮನಿಯಾಗಿರ್ಲಿ. ಇಲ್ಲಾಂದ್ರೆ ಅವ್ನು ಹೊತ್ಕಂಡು ಹೋಗ್ಲಿ."

ಜ್ಯೋತಿಲಕ್ಷ್ಮಿ ಹೂಂ ಅಂದಳು. ಅನ್ನದೆ ಏನು ಮಾಡುತ್ತಾಳೆ! ಶನಿವಾರದವರೆಗೆ ಒಂದು ನರಪಿಳ್ಳೆಯೂ ಕೇಳಲಿಲ್ಲ.

ಭಾನುವಾರ ಹಾಲಮ್ಮನವರು ಹರಕೆ ತೀರಿಸಲು ಸೊಸೆಯನ್ನು ಕರೆದುಕೊಂಡು ಚಂದ್ರಗುತ್ತಿ ಬಸ್ಸು ಹತ್ತಿದರು. ಸೊರಬದಲ್ಲಿ ನಯನ ಹತ್ತಿದಳು. ಹತ್ತಿದವಳೇ ಸೀದಾ ಡ್ರೈವರ್ ಯಲ್ಲಪ್ಪನ ಹತ್ತಿರ ಹೋಗಿ ಕ್ಯಾಸೆಟ್ಟು ಚಾಚಿದಳು. ಯಲ್ಲಪ್ಪನ ಬಸ್ಸಿನ ಟೇಪು ರಿಪೇರಿ ಮಾಡಿದವಳೂ, ಹಿಂದಿನ ಬಾಗಿಲ ಮೇಲೆ ಹೊಸ ಸ್ಪೀಕರ್ ಕೂರಿಸಿದವಳೂ ಅವಳೇ. ಅವನು ಇಲ್ಲ ಅನ್ನುವಂತಿರಲಿಲ್ಲ.

ಮೊದಲೆರಡು ವಾದನ ಮುಗಿಯುವುದರೊಳಗೆ ಮೂರು ಜನ "ಹಾಡು ಯಾವಾಗ?" ಅಂದರು. ಮೂರನೆಯದು ಶುರುವಾಯಿತು. ಹಿಂದಿನಿಂದ ಉದ್ದಕ್ಕೆ ಒಂದು ಸೀಟಿ. ಯಲ್ಲಪ್ಪ ಗಕ್ಕನೆ ಬ್ರೇಕ್ ಒತ್ತಿದ.

ಸುತ್ತ ಬರೀ ಗದ್ದೆ. ಯಾರೂ ಇಳಿಯಲಿಲ್ಲ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್, ಡ್ರೈವರಿಗೆ ಒಂದಕ್ಕೆ ಅವಸರ ಅಂದುಕೊಂಡ. ಅಷ್ಟರಲ್ಲಿ ಎರಡು ಸೀಟಿ. ಬಸ್ಸು ಹೊರಟಿತು. ಒಂದು ಫರ್ಲಾಂಗ್ ಹೋಗಿರಲಿಲ್ಲ, ಮತ್ತೆ ಸೀಟಿ, ಮತ್ತೆ ಬ್ರೇಕು.

"ಎಂತದಾ ನಿಂದು? ಇಳಿಯೋರಿಲ್ದೆ ಸೀಟಿ ಊದ್ತೀಯಲ್ಲ!"

"ನಾನೆಲ್ಲಿ ಊದ್ದೆ ಮಾರಾಯಾ? ನನ್ ಸೀಟಿ ಜೇಬಲ್ಲೈತೆ!"

ಜ್ಯೋತಿಲಕ್ಷ್ಮಿಗೆ ಹೊಳೆಯಿತು. ನಯನಳ ಕಡೆ ನೋಡಿದಳು. ನಯನ ಕಿಟಕಿಯಾಚೆ ಬಹಳ ಆಸಕ್ತಿಯಿಂದ ಎಮ್ಮೆ ನೋಡುತ್ತಿದ್ದಳು. ಮೂರನೇ ಸಲ ನಿಂತಾಗ ಕಂಡಕ್ಟರ್ ಸ್ಪೀಕರಿನ ಕಡೆ ಬೆರಳು ತೋರಿಸಿ, "ಇದ್ರೊಳಗಿಂದ ಬರ್ತಿದೆ ನೋಡು" ಅಂದ. ಇಡೀ ಬಸ್ಸು ಗೊಳ್ಳೆಂದಿತು. ಹಾಲಮ್ಮನವರು ಸೆರಗು ಎಳೆದುಕೊಂಡು, ಈ ಇಬ್ಬರೂ ನನಗೆ ಯಾರೋ ಅನ್ನುವ ಹಾಗೆ ಕೂತರು.

ಮುಂದಿನ ತಿರುವಿನಲ್ಲಿ ಮತ್ತೆ ಸೀಟಿ ಬಂತು. ಎಲ್ಲ ಗೊತ್ತಿದ್ದೂ ಬಸ್ಸು ನಿಂತಿತು.

"ಥೂ! ಇಪ್ಪತ್ತು ವರ್ಷದ ಅಭ್ಯಾಸ. ನಂಗೆ ಗೊತ್ತಾದ್ರೂ ನನ್ ಕಾಲಿಗೆ ಗೊತ್ತಾಗ್ಬೇಕಲ್ಲ!" ಅಂತ ಯಲ್ಲಪ್ಪ ಟೇಪು ಆರಿಸಲು ಕೈ ಚಾಚಿದ.

"ತಡಿ, ತಡಿ, ಮುಟ್ಬೇಡ!"

ನಡುವಿನ ಸೀಟಿನಿಂದ ಒಬ್ಬ ಮುದುಕಿ ಗಂಟು ಎತ್ತಿಕೊಂಡು ಎದ್ದಳು. ಯಮುನಮ್ಮ ಅಂತೆ. "ಹದಿನೈದು ವರ್ಷ ಬೇಡ್ಕಂಡೆ, ನಮ್ಮನೆ ಎದ್ರಿಗೆ ಒಂದಿನ ನಿಲ್ಲಿಸ್ಲಿಲ್ಲ ನೀನು. ಮುಂದಿನ ಸ್ಟಾಪಿಂದ ಹೊತ್ಕಂಡು ವಾಪಸ್ ನಡೀತಿದ್ದೆ. ಇವತ್ತು ನಮ್ ಬೇಲಿ ದಣಪೆ ಎದ್ರಿಗೇ ನಿಂತೀಯಲ್ಲ! ಯಾರ್ದು ಆ ಕ್ಯಾಸೆಟ್ಟು? ನಂಗೊಂದು ಬೇಕು."

ಜ್ಯೋತಿಲಕ್ಷ್ಮಿ ಸೀಟಿನಿಂದ ಹಾರಿ ಎದ್ದಳು. "ಅತ್ತೆ! ಕೇಳಿದ್ರಲ್ಲ?"

"ಎಂಥ ಕೇಳದು? ಅವ್ಳು ಕೇಳಿದ್ದು ಬಸ್ ನಿಲ್ಸಕ್ಕೆ. ನಿನ್ ಸಂಗೀತಕ್ಕಲ್ಲ."

ಮಾತು ನಿಜ. ಅದಕ್ಕೇ ನೆಟ್ಟಗೆ ನಾಟಿತು. ಜ್ಯೋತಿಲಕ್ಷ್ಮಿಯ ಕಣ್ಣು ತುಂಬಿತು. ಆದರೂ ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದುಕೊಟ್ಟು, "ಮನೇಲಿ ಟೇಪ್ ರೆಕಾರ್ಡರ್ ಐತಾ ಅಜ್ಜಿ?" ಅಂದಳು.

"ನಂಗ್ಯಾಕೆ? ಯಲ್ಲಪ್ಪನ ಬಸ್ಸಲ್ಲಿದೆಯಲ್ಲ." ಯಮುನಮ್ಮ ಮೆಟ್ಟಿಲಿಳಿದು ತಿರುಗಿ ನಿಂತಳು. "ಅಲ್ಲ ಮಗಾ, ಸೀಟಿ ಆದ್ಮೇಲೆ ಗುಂಯ್ ಅಂತ ಬರ್ತದಲ್ಲ, ಅದು ಗಿರಣಿ ಸದ್ದಲ್ವಾ? ಗಿರಣಿ ನಿಂತ್ಮೇಲೆ ಕಿವೀಲಿ ಉಳಿಯದು?"

ಜ್ಯೋತಿಲಕ್ಷ್ಮಿ ಹೌದೆಂದು ತಲೆ ಆಡಿಸಿದಳು.

"ನಮ್ಮನೆಯವ್ರು ಗಿರಣಿಯಲ್ಲೇ ಇದ್ರು. ಮನೆಗೆ ಬಂದು ಊಟಕ್ಕೆ ಕೂತ್ರೂ ಅದೇ ಕೇಳ್ತದೆ ಕಣೇ ಅಂತಿದ್ರು. ನಂಗೆಲ್ಲಿ ಕೇಳ್ಬೇಕು? ಸುಮ್ನೆ ಉಣ್ಣಿ ಅಂತಿದ್ದೆ." ಅವಳು ಕ್ಯಾಸೆಟ್ಟನ್ನು ಗಂಟಿನೊಳಗೆ ಸೇರಿಸಿದಳು. "ಇವತ್ತು ಕೇಳ್ತು ನೋಡು."

ದಣಪೆ ದಾಟಿ ಅವಳು ಹೋಗುವವರೆಗೂ ಯಾರೂ ನಗಲಿಲ್ಲ. ಸ್ಪೀಕರಿನಲ್ಲಿ ಎರಡು ಸೀಟಿ ಬಂತು. ಯಲ್ಲಪ್ಪ ಬಸ್ಸು ಬಿಟ್ಟ, ಟೇಪು ಆರಿಸಲಿಲ್ಲ.

ಚಂದ್ರಗುತ್ತಿ ಗುಡ್ಡ ಕಾಣಿಸಿದ ಮೇಲೆ ಹಾಲಮ್ಮನವರು ಸೊಸೆಯ ಕಡೆ ತಿರುಗಿದರು.

"ನಮ್ ಸಂದಿ ಎದ್ರಿಗೂ ಯಾವ ಬಸ್ಸೂ ನಿಲ್ಲಂಗಿಲ್ಲ."

"ಹೂಂ, ಅತ್ತೆ."

"ಮುಂದಿನ ಕ್ಯಾಸೆಟ್ಟಿನಾಗೆ ಆ ಜಾಗ ಸ್ವಲ್ಪ ನೋಡ್ಕಂಡು ಊದ್ರಿ."